ನಾನ್ ಪ್ರಾಂತ್ಯ: ನದಿ ಹಿಡಿದರೆ ಉಳಿದದ್ದು ಸಲೀಸು

ನಾನ್ ಅನ್ನುವುದು ನದಿಯ ಹೆಸರು, ಅದರ ದಂಡೆಯ ಊರಿನ ಹೆಸರು, ಹಿಂದಿನ ರಾಜ್ಯದ ಹೆಸರು, ಈಗಿನ ಪ್ರಾಂತ್ಯದ ಹೆಸರೂ ಹೌದು. ಉತ್ತರ ಥಾಯ್ಲೆಂಡಿನ ಪೂರ್ವದಂಚು, ಬೆಟ್ಟ ದಾಟಿದರೆ ಲಾವೋಸ್.

ನನ್ನ ಎರಡು ಸಂಜೆ ತಿಂದದ್ದು ನದಿ. ಪಿಂಗ್, ವಾಂಗ್, ಯೋಮ್, ನಾನ್ ಈ ನಾಲ್ಕೂ ನದಿ ಸೇರಿ ಥಾಯ್ಲೆಂಡಿನ ದೊಡ್ಡ ನದಿ ಚಾವೊ ಫ್ರಾಯಾ ಆಗುತ್ತದೆ ಅಂತ ಓದಿ, ನಾಲ್ಕೂ ಒಂದೇ ಕಡೆ ಕೂಡುತ್ತವೆ ಅಂದುಕೊಂಡಿದ್ದೆ. ನಕಾಶೆಯಲ್ಲಿ ಚಾವೊ ಫ್ರಾಯಾ ಶುರುವಾಗುವ ನಖೋನ್ ಸವನ್ ಊರಿನ ಮೇಲೆ ಬೆರಳಿಟ್ಟು ನೋಡಿದರೆ ಬಂದು ಸೇರುವುದು ಎರಡೇ ಗೆರೆ. ಉಳಿದೆರಡು ಎಲ್ಲಿ ಹೋದವು? ಪಶ್ಚಿಮದಿಂದ ಪೂರ್ವಕ್ಕೆ ಸಾಲಾಗಿ ಬರೆಯಿರಿ: ಪಿಂಗ್, ವಾಂಗ್, ಯೋಮ್, ನಾನ್. ಈಗ ಪಕ್ಕಪಕ್ಕದವರನ್ನು ಜೋಡಿ ಮಾಡಿ. ವಾಂಗ್ ಇನ್ನೂ ಮೇಲ್ಗಡೆಯಲ್ಲೇ ಪಿಂಗ್‌ಗೆ ಸೇರಿ ತನ್ನ ಹೆಸರು ಬಿಡುತ್ತದೆ, ಯೋಮ್ ನಾನ್‌ಗೆ ಸೇರಿ ಬಿಡುತ್ತದೆ. ಕೊನೆಗೆ ಪಿಂಗ್ ಮತ್ತು ನಾನ್ ಕೂಡಿ ಚಾವೊ ಫ್ರಾಯಾ. 'ಪಿವಾ, ಯೋನಾ' ಅಂತ ಬಾಯಿಪಾಠ ಮಾಡಿ, ಮತ್ತೆ ತಪ್ಪುವುದಿಲ್ಲ. ಅಂದಹಾಗೆ ನಖೋನ್ ಸವನ್ ಅಂದರೆ ನಮ್ಮ 'ನಗರ', 'ಸ್ವರ್ಗ' ಪದಗಳೇ. ಹೀಗೆ ಬಿಡಿಸಿಕೊಂಡರೆ ಥಾಯ್ ಹೆಸರುಗಳು ಬೇಗ ನೆನಪಿಗೆ ನಿಲ್ಲುತ್ತವೆ.

ಇತಿಹಾಸ ಚಿಕ್ಕದಾಗಿ: ಮೊದಲ ರಾಜಧಾನಿ ಉತ್ತರದ ಪುವಾ, ಹಳೆಯ ಹೆಸರು ವರನಖೋನ್ (ವರನಗರ). 1368ರಲ್ಲಿ ಈಗಿನ ಊರಿಗೆ ಬಂತು. ಆಮೇಲೆ ಲಾನ್ನಾ (ಚಿಯಾಂಗ್ ಮಾಯ್ ರಾಜಧಾನಿಯಾಗಿದ್ದ ಉತ್ತರದ ರಾಜ್ಯ), ಬರ್ಮಾ ಇವುಗಳ ಕೈಕೆಳಗೆ, 1788ರಿಂದ ಸಯಾಮಿನ (ಈಗಿನ ಥಾಯ್ಲೆಂಡ್) ಸಾಮಂತ ರಾಜ್ಯ. ಕೊನೆಯ ಅರಸ ತೀರಿಕೊಂಡದ್ದು 1931ರಲ್ಲಿ. ಅಲ್ಲಿಯವರೆಗೂ ಅರಸರಿದ್ದರು ಅನ್ನುವುದನ್ನು ಮರೆಯಬೇಡಿ.

ವಾಟ್ ಫುಮಿನ್ ದೇಗುಲದ ಭಿತ್ತಿಚಿತ್ರ ನೋಡಲೇಬೇಕು. ಮೈಮೇಲೆ ಹಚ್ಚೆಯಿರುವ ಗಂಡಸು ಹೆಂಗಸಿನ ಹೆಗಲ ಮೇಲೆ ಕೈಯಿಟ್ಟು, ಇನ್ನೊಂದು ಕೈ ಬಾಯಿಗೆ ಮರೆ ಮಾಡಿ ಕಿವಿಯಲ್ಲಿ ಏನೋ ಹೇಳುತ್ತಿದ್ದಾನೆ. ಗೋಡೆಯಲ್ಲಿ ಜಾತಕ ಕಥೆಗಳಿದ್ದರೂ ಕಣ್ಣು ಈ ಜೋಡಿಯ ಮೇಲೆಯೇ ನಿಲ್ಲುತ್ತದೆ.

ಜನರಲ್ಲಿ ತಾಯ್ ಲ್ಯೂ ನೇಯ್ಗೆಗೆ ಹೆಸರಾದವರು, ಹರಿಯುವ ನೀರಿನ ವಿನ್ಯಾಸ ಅವರದು. ಮ್ಲಾಬ್ರಿ ಕಾಡಿನಲ್ಲಿ ಬೇಟೆಯಾಡಿ, ಗೆಡ್ಡೆ ಅಗೆದು ಬದುಕಿದವರು. ಸೂರಿನ ಎಲೆ ಹಳದಿಯಾಗುವ ಹೊತ್ತಿಗೆ ಜಾಗ ಬಿಡುತ್ತಿದ್ದರು, ಆದ್ದರಿಂದ ಹೊರಗಿನವರು 'ಹಳದಿ ಎಲೆಯ ಭೂತಗಳು' ಅಂದರು. ನಾವು ಮ್ಲಾಬ್ರಿ ಅಂತಲೇ ಬರೆಯೋಣ, ಅದು ಅವರೇ ಇಟ್ಟುಕೊಂಡ ಹೆಸರು.

ಕೊನೆಗೆ ಬೋ ಕ್ಲುವಾ ಅನ್ನುವ ಊರು. ಬೋ ಅಂದರೆ ಬಾವಿ, ಕ್ಲುವಾ ಅಂದರೆ ಉಪ್ಪು. ಸಮುದ್ರದಿಂದ ಬಹುದೂರ, ಬೆಟ್ಟಗಳ ನಡುವೆ ಉಪ್ಪುನೀರಿನ ಬಾವಿಗಳು! ನೀರು ಸೇದಿ, ಮಣ್ಣಿನ ಒಲೆಯ ಮೇಲೆ ದೊಡ್ಡ ಬಾಣಲೆಯಲ್ಲಿ ಸೌದೆ ಉರಿಯಿಂದ ಗಂಟೆಗಟ್ಟಲೆ ಕುದಿಸುತ್ತಾರೆ. ತಳಕ್ಕೆ ಕೂತ ಉಪ್ಪನ್ನು ಬಿದಿರು ಬುಟ್ಟಿಗೆ ತುಂಬಿ ಬಾಣಲೆಯ ಮೇಲೆಯೇ ತೂಗುಹಾಕುತ್ತಾರೆ, ನೀರು ತೊಟ್ಟಿಕ್ಕುತ್ತದೆ. ಕಡಲುಪ್ಪಲ್ಲವಾದ್ದರಿಂದ ಇದಕ್ಕೆ ಅಯೋಡಿನ್ ಬೇರೆಯಾಗಿ ಬೆರೆಸುತ್ತಾರೆ.