ಜೈಲಿನ ಹೊಗಳಿಕೆ ನಂಬಿ ಹಾಸಿಗೆ ಹಾಸಬೇಡಿ

ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಕಾಯ್ದೆ) ಪ್ರಕರಣದಲ್ಲಿ ಶಿಕ್ಷೆ ಅನುಭವಿಸುತ್ತಿರುವವರ ಮನೆಯವರು ನನ್ನ ಬಳಿ ಆಪ್ತಸಮಾಲೋಚನೆಗೆಂದು ಬಂದರೆ ಮಾತು ಶುರುವಾಗುವುದು ಒಂದೇ ರೀತಿ: ‘ಸಾರ್, ಅವನು ಈಗ ಬಹಳ ಬದಲಾಗಿದ್ದಾನೆ.’ ಬೀಡಿ ಬಿಟ್ಟಿದ್ದಾನೆ, ಭಜನೆಗೆ ಕೂರುತ್ತಾನೆ, ಮಗ್ಗದ ಕೆಲಸ ಕಲಿತಿದ್ದಾನೆ, ಜೈಲಿನ ಸಾಹೇಬರೇ ಹೊಗಳಿದರು. ಇವೆಲ್ಲ ನಿಜವೇ ಇರಬಹುದು, ಕೇಳಿ ನನಗೂ ಸಂತೋಷವೇ. ಆದರೆ ಗಂಡಸರ ಬ್ಯಾರಕ್ಕಿನಲ್ಲಿ ಮಕ್ಕಳಿರುವುದಿಲ್ಲ ಎಂಬ ಸಂಗತಿ ಎಷ್ಟು ಸಲ ಹೇಳಿದರೂ ಯಾರ ತಲೆಗೂ ಹೋಗುವುದಿಲ್ಲ.

ಹೊಡೆದಾಟದ ಕೇಸಿನಲ್ಲಿ ಹೋದವನು ಒಳಗೆ ಯಾರ ಮೈಮೇಲೂ ಹೋಗದೆ ಇದ್ದರೆ ಅದಕ್ಕೆ ಒಂದಿಷ್ಟು ಬೆಲೆಯಿದೆ. ಜಗಳಕ್ಕೆ ಅಲ್ಲಿ ಜನರ ಕೊರತೆಯಿಲ್ಲ. ಮಗುವಿನ ಮೇಲೆ ಕೈ ಹಾಕಿದವನಿಗೆ ಅಲ್ಲಿ ಪರೀಕ್ಷೆಯೇ ನಡೆಯುವುದಿಲ್ಲ. ಅಲ್ಲದೆ, ಇವರಲ್ಲಿ ಅನೇಕರು ಹೊರಗಿದ್ದಾಗಲೂ ಓಣಿಯವರ ಬಾಯಲ್ಲಿ ಸಂಭಾವಿತರೇ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ (ಎನ್‌ಸಿಆರ್‌ಬಿ) ಅಂಕಿಅಂಶ ನೋಡಿದರೆ ಇಂಥ ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಆರೋಪಿಗಳು ಮಗುವಿಗೆ ಗೊತ್ತಿದ್ದವರು. ಆ ಒಳ್ಳೆಯ ಹೆಸರಿನಿಂದಲೇ ಅವರು ಮನೆಯೊಳಗೆ ಬಂದದ್ದು.

ಹಾಗಾದರೆ ಯಾರೂ ಸುಧಾರಿಸುವುದಿಲ್ಲವೇ? ಹಾಗೆ ಹೇಳಲಾರೆ. ಶಿಕ್ಷೆ ಮುಗಿಸಿದವರಲ್ಲಿ ಹೆಚ್ಚಿನವರು ಅದೇ ಅಪರಾಧಕ್ಕೆ ಮತ್ತೆ ಸಿಕ್ಕಿಬಿದ್ದಿಲ್ಲ ಎಂದು ಹೊರದೇಶಗಳ ಅಧ್ಯಯನಗಳು ಹೇಳುತ್ತವೆ. ಸಿಕ್ಕಿಬೀಳದವರೆಲ್ಲ ತಪ್ಪು ಮಾಡಿಲ್ಲ ಎನ್ನಲು ಮಾತ್ರ ಬರುವುದಿಲ್ಲ. ನನ್ನ ಕೆಲಸದಲ್ಲಿ ಅಪರಾಧ ಮಾಡಿದವನನ್ನು ನಾನು ಕೇಳುವುದು ಬೇರೆಯೇ: ಮನೆಯಲ್ಲಿ ಯಾರೂ ಇಲ್ಲದ ಹೊತ್ತನ್ನು ಹೇಗೆ ನೋಡಿಕೊಂಡೆ, ಮಗುವಿಗೆ ಏನು ಕೊಟ್ಟೆ, ಏನು ಹೇಳಿ ಬಾಯಿ ಮುಚ್ಚಿಸಿದೆ. ‘ಕುಡಿದಿದ್ದೆ ಸಾರ್’, ‘ಜಮೀನಿನ ದ್ವೇಷಕ್ಕೆ ಹಾಕಿದ ಕೇಸು’ ಎಂಬಲ್ಲಿಂದ ಅವನು ಈ ಪ್ರಶ್ನೆಗಳವರೆಗೆ ಬರಲು ತಿಂಗಳುಗಟ್ಟಲೆ ಬೇಕು. ಕೆಲವರು ಬರುವುದೇ ಇಲ್ಲ. ಬಂದವರ ಬಗ್ಗೆಯೂ ನಾನು ಪ್ರಮಾಣಪತ್ರ ಬರೆದುಕೊಡುವುದಿಲ್ಲ.

ಈಗ ಇದನ್ನು ಬರೆಯಲು ಕಾರಣವಿದೆ. 2019ರ ಆಗಸ್ಟ್ ತಿದ್ದುಪಡಿಯ ನಂತರ ನಡೆದ ಘೋರ ಪ್ರವೇಶಿಕ ಲೈಂಗಿಕ ದಾಳಿಗೆ (ಮಗುವಿನ ಮೇಲಿನ ಅತ್ಯಾಚಾರದ ಗಂಭೀರ ರೂಪ) ಪೋಕ್ಸೊ ಅಡಿ ಕನಿಷ್ಠ ಶಿಕ್ಷೆ 20 ವರ್ಷ. ಜೀವಾವಧಿ ಎಂದರೆ ಉಳಿದ ಆಯುಷ್ಯವಿಡೀ. ಅದಕ್ಕೂ ಹಿಂದಿನ ಕೃತ್ಯಗಳಿಗೆ ಕನಿಷ್ಠ 10 ವರ್ಷ ಇತ್ತು. ಆ ಹತ್ತು ವರ್ಷದವರು ಮನೆಗೆ ಬರುವ ಕಾಲವಿದು.

ಸಿರುಗುಪ್ಪ ಕಡೆಯ ಒಬ್ಬ ತಾಯಿ (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ) ಮಗನ ಬಿಡುಗಡೆಗೆ ಮುಂಚೆ ಬಂದಿದ್ದರು. ಗದ್ದೆ ಕೂಲಿಯ ಹೆಂಗಸು, ನನಗೂ ಒಂದು ಗಂಟು ಸಜ್ಜೆರೊಟ್ಟಿ, ಶೇಂಗಾ ಚಟ್ನಿ ತಂದಿದ್ದರು. ‘ಮನೆಯಲ್ಲಿ ಯಾರು ಎಲ್ಲಿ ಮಲಗುತ್ತೀರಮ್ಮ?’ ಎಂದು ಕೇಳಿದೆ. ಮೇಜಿನ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸಿದರು: ಪಡಸಾಲೆ, ಅಡುಗೆಮನೆ, ಹಿಂದೆ ದನದ ಕೊಟ್ಟಿಗೆ. ದೊಡ್ಡ ಮಗನ ಎಂಟು ವರ್ಷದ ಮಗಳು ಅಜ್ಜಿಯ ಮಗ್ಗುಲಲ್ಲಿ. ‘ಬೇಸಿಗೆಯಲ್ಲಿ?’ ‘ಬೇಸಿಗೆಯಲ್ಲಿ ಎಲ್ಲರೂ ಮಾಳಿಗೆ ಮೇಲೆ, ಸಾರ್.’ ನಮ್ಮ ಬಳ್ಳಾರಿಯ ಬಿಸಿಲಿಗೆ ಬೇರೆ ದಾರಿಯಾದರೂ ಏನಿದೆ? ಬೆಳಗಿನ ಕೂಲಿಗೆ ದೊಡ್ಡವರೆಲ್ಲ ಕತ್ತಲಿರುವಾಗಲೇ ಇಳಿದು ಹೋದರೆ ಮೇಲೆ ಉಳಿಯುವವರು ಯಾರು ಎಂದು ಕೇಳಿದೆ. ಅವರ ಬೆರಳು ಅಲ್ಲಿಗೇ ನಿಂತಿತು.

ಆಮೇಲೆ ಸಿಟ್ಟಿನಿಂದಲೇ ಕೇಳಿದರು: ‘ಮಕ್ಕಳಿಲ್ಲದ ಮನೆ ಎಲ್ಲಿಂದ ತರಲಿ?’

ತರಬೇಕಾಗಿಲ್ಲ, ನಿಮ್ಮ ತಮ್ಮನ ಹೊಲದ ಮನೆ ಇದೆಯಲ್ಲ ಎಂದೆ. ಊಟ ಅಲ್ಲಿಗೇ ಕಳಿಸಿ, ಕೆಲಸ ಹುಡುಕಿಕೊಡಿ, ಹಬ್ಬಕ್ಕೆ ಕರೆಯಿರಿ, ಮಗನನ್ನು ಬಿಡಬೇಡಿ. ಒಂಟಿಯಾಗಿ ಬಿಟ್ಟರೇ ಹೆಚ್ಚು ಅಪಾಯ. ಆದರೆ ಮೊಮ್ಮಗಳ ಜೊತೆ ಅವನೊಬ್ಬನೇ ಒಂದು ಗಳಿಗೆಯೂ ಇರಕೂಡದು, ಅಂಗಡಿಗೆ ಕಳಿಸುವಷ್ಟು ಹೊತ್ತೂ. ದೊಡ್ಡ ಸೊಸೆಗೆ ಕೇಸಿನ ವಿಷಯ ಪೂರ್ತಿ ಹೇಳಿರಬೇಕು. ಮಗುವಿಗೆ ಅದೆಲ್ಲ ಬೇಡ. ಯಾರು ಮುಟ್ಟಿದರೂ ಹೇಳಬಹುದು, ಹೇಳಿದರೆ ಬೈಯುವುದಿಲ್ಲ ಎಂಬುದು, ಮತ್ತೆ ಮಕ್ಕಳ ಸಹಾಯವಾಣಿ 1098 ಎಂಬ ಸಂಖ್ಯೆ ಗೊತ್ತಿದ್ದರೆ ಸಾಕು.

ಸೊಸೆಗೆ ಹೇಳುವ ಮಾತಿಗೆ ಆಕೆ ಇನ್ನೂ ಒಪ್ಪಿಲ್ಲ. ಮುಂದಿನ ವಾರ ಸೊಸೆಯನ್ನೂ ಕರೆದುಕೊಂಡು ಬನ್ನಿ ಎಂದಿದ್ದೇನೆ.