ಮೈಸೂರು ಅರಸರ ವಂಶವೃಕ್ಷ ಮತ್ತು ದತ್ತು ಕಾನೂನು

ಸಿವಿಲ್ ಕೇಸ್ ನಡೆಸೋ ನಮ್ಮಂಥ ಲಾಯರ್‌ಗಳ ಟೇಬಲ್ ಮೇಲೆ ದಿನಾ ಬರೋ ಕಾಗದ ಅಂದ್ರೆ ವಂಶವೃಕ್ಷ. ಮೊನ್ನೆ ನಂಜನಗೂಡು ಕಡೆಯವರೊಬ್ರು ತಂದಿದ್ದ ಹಾಳೆಯಲ್ಲಿ ಅವರ ಹೆಸರಿನ ಪಕ್ಕ "ದತ್ತು" ಅಂತ ಇತ್ತು, ಅದರ ಮೇಲೆ ಯಾರೋ ನೀಲಿ ಪೆನ್ನಲ್ಲಿ ಎರಡು ಗೀಟು ಎಳೆದಿದ್ರು. "ಸಾರ್, ದತ್ತು ತಗೊಂಡಾಗ ನಂಗೆ 19 ವರ್ಷ, ಅದು ನಡೆಯಲ್ಲ ಅಂತಾರೆ ದಾಯಾದಿಗಳು, ಮತ್ತೆ ಮೈಸೂರು ಅರಮನೆಯ ಯದುವೀರ್ ಅವರಿಗೆ ಹೆಂಗೆ ನಡೀತು?" ಅಂದ್ರು. ಒಳ್ಳೆ ಪ್ರಶ್ನೆ.

1956ರ ಹಿಂದೂ ದತ್ತಕ ಕಾಯ್ದೆ ಪ್ರಕಾರ ದತ್ತು ಹೋಗೋರಿಗೆ 15 ವರ್ಷ ತುಂಬಿರಬಾರದು, ಮದುವೆನೂ ಆಗಿರಬಾರದು, ಆದ್ರೆ ಆ ಕುಲದಲ್ಲಿ ಬೇರೆ ಪದ್ಧತಿ ಇದ್ರೆ ಅದು ನಡೆಯುತ್ತೆ. ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ 2013ರ ಡಿಸೆಂಬರ್‌ನಲ್ಲಿ ತೀರ್ಕೊಂಡ್ರು, ಮಕ್ಕಳಿರಲಿಲ್ಲ. 2015ರ ಫೆಬ್ರವರಿಯಲ್ಲಿ ಅವರ ಹೆಂಡತಿ ಪ್ರಮೋದಾದೇವಿಯವರು ಯದುವೀರ್ ಅವರನ್ನ ದತ್ತು ತಗೊಂಡಾಗ ಅವರಿಗೆ 22 ವರ್ಷ. ಆ ವಯಸ್ಸಿಗೆ ಉಳಿಯೋದು ಪದ್ಧತಿಯ ದಾರಿ ಒಂದೇ. ಗಂಡ ಇಲ್ಲದ ಹೆಂಗಸು ದತ್ತು ತಗೊಂಡ್ರೂ ಆ ಮಗ ತೀರಿಹೋದ ಗಂಡನಿಗೂ ಮಗನೇ ಅಂತ ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿದೆ.

ಈಗ ಸಂಬಂಧಗಳು ಹೆಂಗೆ ಬದಲಾಗ್ತವೆ ನೋಡಿ. ಯದುವೀರ್ ಹೆತ್ತ ತಾಯಿ ತ್ರಿಪುರಸುಂದರಿದೇವಿ, ಅವರ ತಾಯಿ ಗಾಯತ್ರಿದೇವಿ, ಆಕೆ ಜಯಚಾಮರಾಜೇಂದ್ರ ಒಡೆಯರ್ ಅವರ ಹಿರೀ ಮಗಳು, ಶ್ರೀಕಂಠದತ್ತರ ಅಕ್ಕ. ಅಂದ್ರೆ ರಕ್ತದ ಲೆಕ್ಕದಲ್ಲಿ ಜಯಚಾಮರಾಜರು ಮುತ್ತಾತ, ದತ್ತಕದ ಲೆಕ್ಕದಲ್ಲಿ ತಾತ. ಅಜ್ಜಿ ಸೋದರತ್ತೆ ಆದ್ರು, ಹೆತ್ತಮ್ಮ ಸೋದರತ್ತೆ ಮಗಳು ಆದ್ರು, ಅಮ್ಮನ ಸೋದರಮಾವ ಅಪ್ಪ ಆದ್ರು. ನಾನು ಇದನ್ನ ಜೂನಿಯರ್‌ಗಳಿಗೆ ಬೋರ್ಡ್ ಮೇಲೆ ಬರೆದೇ ತೋರಿಸ್ತೀನಿ, ಇಲ್ಲಾಂದ್ರೆ ತಲೆಗೆ ಹತ್ತಲ್ಲ.

"ಹಂಗಾದ್ರೆ ಅಸಲಿ ವಂಶ ಅಲ್ವಲ್ಲ" ಅಂತ ಕೆಲವರು ಅಂತಾರೆ, ನಂಗೆ ನಿಜಕ್ಕೂ ಬೇಜಾರಾಗುತ್ತೆ. ಅಲಮೇಲಮ್ಮನ ಶಾಪದ ಕತೆ ಎಲ್ಲರಿಗೂ ಗೊತ್ತು, ಅದು ಇರಲಿ. ಈ ಮನೆ ಉಳಿದಿದ್ದೇ ದತ್ತಕದಿಂದ. 1831ರಿಂದ ರಾಜ್ಯ ಬ್ರಿಟಿಷರ ಕೈಯಲ್ಲಿತ್ತು, ಮುಮ್ಮಡಿ ಕೃಷ್ಣರಾಜರು 1865ರಲ್ಲಿ ಬೆಟ್ಟದಕೋಟೆ ಅರಸು ಮನೆತನದ ಎರಡು ವರ್ಷದ ಮಗುವನ್ನ ದತ್ತು ತಗೊಂಡ್ರು, ಅದನ್ನ ಒಪ್ಪೋಕೆ ಬ್ರಿಟಿಷರು 1867ರ ತನಕ ಎಳೆದ್ರು. ಆ ಮಗುನೇ ಚಾಮರಾಜೇಂದ್ರ ಒಡೆಯರ್, 1881ರಲ್ಲಿ ರಾಜ್ಯ ವಾಪಸ್ ಬಂದಿದ್ದು ಅವರ ಕೈಗೆ, ನಾಲ್ವಡಿ ಕೃಷ್ಣರಾಜರು ಅವರ ಮಗ. ಆ ದತ್ತಕ ಒಪ್ಪದೇ ಹೋಗಿದ್ರೆ ನಾಲ್ವಡಿ ಎಲ್ಲಿರ್ತಿದ್ರು?

ಮಾಜಿ ಅರಸರಿಗೆ ಸರ್ಕಾರ ಕೊಡ್ತಿದ್ದ ರಾಜಧನ 1971ರಲ್ಲಿ ರದ್ದಾಯ್ತು, ಆಮೇಲೆ ಆ ಮನೆಯವರು ರಾಜಕೀಯದಲ್ಲಿ ವೋಟು ಕೇಳ್ಕೊಂಡೇ ಬರಬೇಕಾಯ್ತು. ಶ್ರೀಕಂಠದತ್ತರು ಕಾಂಗ್ರೆಸ್‌ನಿಂದ 1984, 1989, 1996, 1999ರಲ್ಲಿ ಎಂಪಿ ಆದ್ರು, 1991ರಲ್ಲಿ ಬಿಜೆಪಿಯಿಂದ ನಿಂತು ದೇವರಾಜ ಅರಸು ಮಗಳು ಚಂದ್ರಪ್ರಭಾ ಎದುರು ಸೋತ್ರು. ಯದುವೀರ್ 2024ರಲ್ಲಿ ಬಿಜೆಪಿಯಿಂದ ಮೈಸೂರು-ಕೊಡಗು ಗೆದ್ರು. ಆಸ್ತಿ ಖಾತೆ ಬದಲಾದಂಗೆ ಎಂಪಿ ಸೀಟು ಬದಲಾಗಲ್ಲ, ಅದಕ್ಕೆ ಯಾವ ದತ್ತಕ ಪತ್ರನೂ ಇಲ್ಲ.

ನಂಜನಗೂಡಿನವರಿಗೆ ಹೇಳಿದ್ದು ಇಷ್ಟು: ನಿಮ್ಮ ಕುಲದಲ್ಲೂ ದೊಡ್ಡ ವಯಸ್ಸಿನವರನ್ನ ದತ್ತು ತಗೊಳ್ಳೋದು ಹಳೇ ಕಾಲದಿಂದ ನಡ್ಕೊಂಡು ಬಂದಿದೆ ಅಂತ ಸಾಬೀತು ಮಾಡಬೇಕು, ಬಾಯಿಮಾತು ಸಾಕಾಗಲ್ಲ. ಅವರ ತಾತನ ಕಾಲದ್ದೊಂದು ದತ್ತಕ ಪತ್ರ ಅತ್ತೆ ಮನೆ ಟ್ರಂಕಲ್ಲಿದೆಯಂತೆ. ಆ ಒಂದು ಪತ್ರ ಸಾಕಾಗಲ್ಲ, ಇನ್ನೆರಡು ಮನೆ ವಿಚಾರಿಸಿ ಅಂದೆ. ಸೋಮವಾರ ತರ್ತೀನಿ ಅಂತ ಹೋದ್ರು.