ಎರೆಮಣ್ಣಿನ ಹಿತ್ತಲಲ್ಲಿ ಮಂಗರವಳ್ಳಿ

ಹುಬ್ಬಳ್ಳಿ, ಗದಗ ಕಡೆಯ ಹಿತ್ತಲಲ್ಲಿ ಮಂಗರವಳ್ಳಿ ಒಣಗಿತೆಂದರೆ ಬೈಗುಳ ಏಪ್ರಿಲ್ ಬಿಸಿಲಿಗೆ. ಆದರೆ ಈ ಬಳ್ಳಿಯ ಬುಡ ಹೆಚ್ಚಾಗಿ ಕೊಳೆಯುವುದು ಸೆಪ್ಟೆಂಬರಿನಲ್ಲಿ, ಉತ್ತರಿ ಮಳೆ ಹಿಡಿದು ಎರೆಮಣ್ಣು ನೀರು ಬಿಟ್ಟುಕೊಡದೆ ಕೂತಾಗ. ಬೇಸಿಗೆಯಲ್ಲಿ ಕಾಣುವುದು ಆಗ ಆದ ಗಾಯದ ಫಲ, ಅಷ್ಟೆ.

ಸಂದುಬಳ್ಳಿ ಎಂದೂ ಕರೆಯುವ ಇದರ ಸಸ್ಯಶಾಸ್ತ್ರೀಯ ಹೆಸರು ಸಿಸಸ್ ಕ್ವಾಡ್ರಾಂಗ್ಯುಲಾರಿಸ್. ದ್ರಾಕ್ಷಿಯ ಕುಟುಂಬದ್ದು, ನಮ್ಮ ನೆಲದ್ದೇ. ನರ್ಸರಿಯಲ್ಲಿ ಬಣ್ಣದ ಕುಂಡದಲ್ಲಿಟ್ಟು ಮಾರುವ ಕ್ಯಾಕ್ಟಸ್‌ಗಳೂ, ಊರ ಹೊರಗಿನ ಪಾಪಾಸುಕಳ್ಳಿಯೂ ಅಮೆರಿಕ ಖಂಡದಿಂದ ಬಂದವು. ಬರ ತಡೆಯುವ ಗಿಡಕ್ಕೆ ಅಷ್ಟು ದೂರ ಹೋಗಬೇಕಿಲ್ಲ.

ಮಂಗರವಳ್ಳಿಯ ಎಲೆಗಳು ಚಿಕ್ಕವು, ನೀರು ಕಡಿಮೆಯಾದರೆ ಉದುರುತ್ತವೆ. ಅದರಿಂದ ಗಾಬರಿ ಬೇಡ, ಇಲ್ಲಿ ಆಹಾರ ತಯಾರಿಸುವ ಮುಖ್ಯ ಅಂಗ ನಾಲ್ಕು ಏಣಿನ ಹಸಿರು ಕಾಂಡ. ಅದರ ಮೇಲಿನ ಸೂಕ್ಷ್ಮ ರಂಧ್ರಗಳು ತಂಪು ಹೊತ್ತಿನಲ್ಲಿ, ಅಂದರೆ ರಾತ್ರಿ, ತೆರೆಯುತ್ತವೆ. ಆಗ ಒಳಬಂದ ಇಂಗಾಲದ ಡೈಆಕ್ಸೈಡ್ ಮ್ಯಾಲಿಕ್ ಆಮ್ಲವಾಗಿ ಜೀವಕೋಶಗಳಲ್ಲಿ ಸೇರಿಕೊಳ್ಳುತ್ತದೆ. ಹಗಲು ರಂಧ್ರ ಮುಚ್ಚಿಕೊಂಡೇ ಆ ದಾಸ್ತಾನನ್ನು ಬಿಸಿಲಿನ ಬಲದಿಂದ ಸಕ್ಕರೆ ಮಾಡಿಕೊಳ್ಳುತ್ತದೆ. ಆದ್ದರಿಂದ ಕಾಂಡದ ರಸ ಸಂಜೆಗಿಂತ ಬೆಳಗಿನ ಜಾವ ಹೆಚ್ಚು ಹುಳಿ. ಬಿಸಿಲಲ್ಲಿ ಆವಿಯಾಗುವ ನೀರು ಹೀಗೆ ಉಳಿಯುತ್ತದೆ. ಕಾಂಡ ತನ್ನೊಳಗೇ ನೀರು ತುಂಬಿಕೊಂಡಿರುವುದರಿಂದ ಬೇರಿಗೆ ಬೇಕಾದದ್ದು ನೀರಿಗಿಂತ ಗಾಳಿ.

ಎರೆಮಣ್ಣಿನ ತೊಡಕು ಇಲ್ಲೇ. ಅದರ ಜೇಡಿ ನೀರು ಕುಡಿದು ಉಬ್ಬಿದಾಗ ಕಣಗಳ ನಡುವಿನ ಸಂದು ಮುಚ್ಚುತ್ತದೆ, ಬೇರಿಗೆ ಆಮ್ಲಜನಕ ಸಿಗುವುದಿಲ್ಲ, ಕೊಳೆ ತರುವ ಶಿಲೀಂಧ್ರಗಳಿಗೆ ದಾರಿಯಾಗುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣು ಬಿರುಕು ಬಿಟ್ಟು ಎಳೆ ಬೇರುಗಳನ್ನು ಹರಿಯುತ್ತದೆ. ಇದು ಗೊತ್ತಿದ್ದವರೂ ಒಂದು ತಪ್ಪು ಮಾಡುತ್ತಾರೆ: ಎರೆ ನೆಲದಲ್ಲಿ ಗುಂಡಿ ತೋಡಿ ಅದಕ್ಕೆ ಮರಳು, ಮಸಾರಿ ಅಂದರೆ ಕೆಂಪು ಮಣ್ಣು ತುಂಬುವುದು. ಸುತ್ತಲಿನ ಜೇಡಿಯಲ್ಲಿ ನೀರು ಇಳಿಯದು. ಸಡಿಲ ಮಣ್ಣಿನ ಗುಂಡಿ ಬಟ್ಟಲಿನಂತಾಗಿ ಅಕ್ಕಪಕ್ಕದ ನೀರೆಲ್ಲ ಅಲ್ಲಿಗೇ ಬಂದು ನಿಲ್ಲುತ್ತದೆ. ಏನೂ ಮಾಡದೆ ನೆಟ್ಟಿದ್ದರೂ ಇದಕ್ಕಿಂತ ವಾಸಿ.

ಗುಂಡಿ ಬೇಡ, ದಿಬ್ಬ ಮಾಡಿ. ನೆಲದ ಮೇಲೆ ನಾಲ್ಕು ಇಂಚು ಇಟ್ಟಂಗಿ ಚೂರು ಹರವಿ, ಅದರ ಮೇಲೆ ಐದು ಬುಟ್ಟಿ ಮಸಾರಿ, ಮೂರು ಬುಟ್ಟಿ ದಪ್ಪ ಮರಳು, ಎರಡು ಬುಟ್ಟಿ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಿ ಒಟ್ಟಿದರೆ ಮೂರು ಅಡಿ ಅಗಲ, ಒಂದೂವರೆ ಅಡಿ ಎತ್ತರದ ದಿಬ್ಬವಾಗುತ್ತದೆ. ಎಂ-ಸ್ಯಾಂಡ್ ಆದರೆ ಜರಡಿ ಹಿಡಿದು ಪುಡಿ ತೆಗೆಯಬೇಕು, ಇಲ್ಲದಿದ್ದರೆ ಅದೂ ಗಟ್ಟಿಕಟ್ಟುತ್ತದೆ. ಹಸಿ ಗೊಬ್ಬರ ಹಾಕಲೇಬೇಡಿ. ಮಸಾರಿ ನೆಲದವರಿಗೆ ಇಷ್ಟು ಉಪದ್ವ್ಯಾಪ ಬೇಕಿಲ್ಲ, ನೇರವಾಗಿ ನೆಡಬಹುದು. ಕುಂಡವಾದರೆ ಹತ್ತು ಇಂಚಿನ ಮಣ್ಣಿನ ಕುಂಡ ಸಾಕು. ಕೆಳಗೆ ತಟ್ಟೆ ಇಡಬೇಡಿ.

ಬಳ್ಳಿಯ ತುಂಡನ್ನು ಬೇಲಿಯಲ್ಲಿ ಬೆಳೆಸಿದವರ ಹತ್ತಿರ ಕೇಳಿ ತನ್ನಿ. ಗದಗ ಜಿಲ್ಲೆಯ ಕಪ್ಪತಗುಡ್ಡದಿಂದ ಕಿತ್ತು ತರುವುದು ಬೇಡ. 2019ರಿಂದ ಅದು ವನ್ಯಜೀವಿಧಾಮ, ಅಲ್ಲಿಂದ ಗಿಡ ತೆಗೆಯುವುದು ಕಾನೂನಿಗೆ ವಿರುದ್ಧ. ತರುವ ಮೊದಲು ತುದಿ ಮುರಿದು ನೋಡಿ: ಹಾಲು ಬಂದರೆ ಅದು ಯಾವುದೋ ಕಳ್ಳಿ, ಮಂಗರವಳ್ಳಿಯ ರಸ ತಿಳಿ. ಮೂರು ಗಿಣ್ಣಿರುವ, ಪೆನ್ಸಿಲಿಗಿಂತ ದಪ್ಪನೆಯ ತುಂಡು ಒಳ್ಳೆಯದು. ಕೆಳಗಿನ ಗಿಣ್ಣಿನ ಸ್ವಲ್ಪ ಕೆಳಗೆ ಹರಿತವಾದ ಚಾಕುವಿನಿಂದ ಕತ್ತರಿಸಿ, ನೆರಳಲ್ಲಿ ನಾಲ್ಕೈದು ದಿನ ಬಿಟ್ಟು ಕೊಯ್ದ ಬಾಯಿ ಒಣಗಿಸಬೇಕು. ಆಮೇಲೆ ಒಂದೇ ಗಿಣ್ಣು ಮಣ್ಣೊಳಗೆ ಹೋಗುವಷ್ಟು ಮಾತ್ರ ಊರಿ. ಮೊದಲ ವಾರ ನೀರು ಬೇಡ. ಬೆಚ್ಚಗಿನ ದಿನಗಳಲ್ಲಿ ಮೂರು ನಾಲ್ಕು ವಾರಕ್ಕೆ ಬೇರು ಹಿಡಿಯುತ್ತದೆ. ಜಿಟಿಜಿಟಿ ಮಳೆಯ ಧಾರವಾಡದಲ್ಲಿ ಫೆಬ್ರವರಿ-ಮಾರ್ಚ್‌ನಲ್ಲೇ ನೆಟ್ಟು, ಜುಲೈ ಬರುವಷ್ಟರಲ್ಲಿ ಬೇರು ಗಟ್ಟಿಯಾಗುವಂತೆ ನೋಡಿಕೊಳ್ಳುವುದು ಮೇಲು. ಗದಗದಂಥ ಒಣ ಸೀಮೆಯಲ್ಲಿ ಜೂನ್ ತಿಂಗಳೂ ಆದೀತು.

ಬೇಸಿಗೆಯಲ್ಲಿ ದಿಬ್ಬಕ್ಕೆ ಹತ್ತು-ಹನ್ನೆರಡು ದಿನಕ್ಕೊಮ್ಮೆ, ಕುಂಡಕ್ಕೆ ವಾರಕ್ಕೊಮ್ಮೆ ನೀರು. ಬೆರಳು ಎರಡು ಇಂಚು ಊರಿದಾಗ ತಂಪು ತಾಗಿದರೆ ಮುಂದೂಡಿ. ಕಾಂಡ ಸುಕ್ಕಾಗಿ ತೆಳುವಾದರೆ ಅದು ಬಾಯಾರಿಕೆ, ನೀರು ಕೊಟ್ಟರೆ ಮತ್ತೆ ತುಂಬಿಕೊಳ್ಳುತ್ತದೆ. ಬುಡ ಹಳದಿಯಾಗಿ ಮೆತ್ತಗಾದರೆ ಅದು ಕೊಳೆ. ಮೇಲೆ ಇನ್ನೂ ಹಸಿರಿರುವಾಗಲೇ, ಕೊಯ್ದ ಬಾಯಲ್ಲಿ ಕಂದು ಕಲೆ ಕಾಣದಷ್ಟು ಮೇಲಕ್ಕೆ ಕತ್ತರಿಸಿ, ಒಣಗಿಸಿ, ಬೇರೆ ಮಣ್ಣಲ್ಲಿ ನೆಡಬೇಕು. ಎರಡನ್ನೂ ಒಂದೇ ಎಂದು ತಿಳಿದು ಕೊಳೆತದ್ದಕ್ಕೆ ಇನ್ನಷ್ಟು ನೀರು ಸುರಿಯುವವರೇ ಹೆಚ್ಚು. ಗಿಣ್ಣಿನ ಸಂದಿಯಲ್ಲಿ ಬಿಳಿ ಹಿಟ್ಟು ತಿಗಣೆ ಕಂಡರೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಚೂರು ಸೋಪು ಕಲಸಿ ಸಂಜೆ ಸಿಂಪಡಿಸಿ.

ಇದರ ಕುಡಿಬಳ್ಳಿ ಗೋಡೆಗೆ ಅಂಟುವುದಿಲ್ಲ, ಸುತ್ತಿಕೊಳ್ಳುತ್ತದೆ; ಹಾಗಾಗಿ ತಂತಿ ಜಾಲರಿಯೋ ಬೆರಳು ದಪ್ಪದ ಕಡ್ಡಿಯೋ ಬೇಕು. ಸಣ್ಣ ಗುಲಾಬಿ ಗಿಡದ ಪಕ್ಕ ಬಿಟ್ಟರೆ ಅದನ್ನು ಮುಚ್ಚಿಹಾಕೀತು.

ಚಟ್ನಿಗೆ ತುದಿಯ ಎರಡು-ಮೂರು ಎಳೆ ಗಿಣ್ಣು ಸಾಕು. ಒಳಗೆ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿರುವುದರಿಂದ ಕೈಗೆ ಎಣ್ಣೆ ಹಚ್ಚಿಕೊಂಡು ಏಣಿನ ನಾರು ತೆಗೆಯಿರಿ, ಹೋಳುಗಳನ್ನು ಎಣ್ಣೆಯಲ್ಲಿ ಬಣ್ಣ ಬದಲಾಗುವವರೆಗೆ ಹುರಿದು ಹುಣಸೆಹಣ್ಣಿನ ಜೊತೆ ರುಬ್ಬಿ. ಹಸಿಯಾಗಿ ತಿಂದರೆ ಗಂಟಲು ಕಡಿತ ಖಂಡಿತ. ಮೂತ್ರಪಿಂಡದಲ್ಲಿ ಕಲ್ಲಿನ ತೊಂದರೆ ಇದ್ದವರು ಈ ಚಟ್ನಿಯ ಗೊಡವೆಗೆ ಹೋಗದಿರುವುದೇ ಒಳ್ಳೆಯದು.